ನಕ್ಷೆಯಲ್ಲಿಲ್ಲದ ತೊರೆ

ಗಲ್ಫಿಗೆ ಹೋಗಿ ಬರುವವರಿರುವ ಮನೆಗಳಲ್ಲಿ ವಿಮಾನವೆಂಬುದು ಈಗ ಬಸ್ಸಿನಷ್ಟೇ ಪರಿಚಿತ. ಲಗೇಜಿಗೆ ಎಷ್ಟು ಕಿಲೋ, ಯಾವ ಸೀಟಿನಲ್ಲಿ ಕಾಲು ಚಾಚಬಹುದು, ಮಗುವಿನ ಕಿವಿ ನೋಯದಂತೆ ಏನು ಮಾಡಬೇಕು ಎಂಬುದೆಲ್ಲ ನಮ್ಮ ಹೆಣ್ಣುಮಕ್ಕಳಿಗೆ ಬಾಯಿಪಾಠ. ಆದರೆ ಮುಂದಿನ ಆ ಮುಚ್ಚಿದ ಬಾಗಿಲಿನ ಹಿಂದೆ ಕುಳಿತು ವಿಮಾನ ಹಾರಿಸುವವನ ಬಗ್ಗೆ ನಮಗೆ ಗೊತ್ತಿರುವುದು ಅಷ್ಟಕ್ಕಷ್ಟೆ. ಒಂದು ಗಂಭೀರ ಧ್ವನಿ ಕೇಳುತ್ತದೆ. ಇಷ್ಟು ಸಾವಿರ ಅಡಿ ಎತ್ತರದಲ್ಲಿದ್ದೇವೆ, ಹೊರಗೆ ಇಷ್ಟು ಡಿಗ್ರಿ ಚಳಿ ಎಂದು ಹೇಳಿ ಸುಮ್ಮನಾಗುತ್ತದೆ. ಆ ಧ್ವನಿಯ ಮನುಷ್ಯ ಕೆಲಸಕ್ಕೆ ಸೇರಿದ ಮೊದಲ ದಿನಗಳಲ್ಲಿ ಏನು ಕಲಿತಿದ್ದ? ಯಾರು ಕಲಿಸಿದರು? ಅವನಿಗೂ ಮನೆಯಲ್ಲಿ ಕಾಯುವವರಿದ್ದಾರಲ್ಲ, ಅವರ ಪಾಡೇನು?

ಈಗಿನ ಪೈಲಟ್‌ಗಳಿಗೆ ಕಂಪ್ಯೂಟರ್ ಇದೆ, ಉಪಗ್ರಹದ ನೆರವಿದೆ. ನೆಲ ಬಿಟ್ಟು ಏಳದೆಯೇ ಬಿರುಗಾಳಿಯನ್ನೂ ಎಂಜಿನ್ ಕೆಡುವುದನ್ನೂ ಅಭ್ಯಾಸ ಮಾಡಿಕೊಳ್ಳಲು ಸಿಮ್ಯುಲೇಟರ್ ಎಂಬ ಯಂತ್ರದ ಕೋಣೆಯಿದೆ. ಇದೊಂದೂ ಇಲ್ಲದ ಕಾಲದಲ್ಲಿ, 1926ರಲ್ಲಿ, ಫ್ರಾನ್ಸಿನ ಒಂದು ವಿಮಾನ ಕಂಪೆನಿಗೆ ಸೇರಿದ ಯುವಕನೊಬ್ಬನ ಕತೆಯನ್ನು ಈ ತಿಂಗಳು ಹೇಳಬೇಕೆಂದಿದ್ದೇನೆ. ಅವನ ಹೆಸರು ಆಂತ್ವಾನ್ ದ ಸ್ಯಾಂತೆಕ್ಸುಪೆರಿ. ನಮ್ಮ ನಾಲಗೆಗೆ ಸುಲಭವಾಗಿ ಹೊರಳುವ ಹೆಸರಲ್ಲ. ಆಂತ್ವಾನ್ ಎಂದಷ್ಟೇ ಕರೆಯೋಣ. ಮುಂದೆ 1943ರಲ್ಲಿ 'ದಿ ಲಿಟಲ್ ಪ್ರಿನ್ಸ್' ಎಂಬ ಪುಟ್ಟ ಪುಸ್ತಕ ಬರೆದು ಲೋಕಪ್ರಸಿದ್ಧನಾದವನು ಇವನೇ. ಮರುಭೂಮಿಯಲ್ಲಿ ವಿಮಾನ ಕೆಟ್ಟು ನಿಂತ ಪೈಲಟ್ ಒಬ್ಬನಿಗೆ ಪುಟ್ಟ ಹುಡುಗನೊಬ್ಬ ಎದುರಾಗುವ ಕತೆ ಅದು. ನಿಮ್ಮ ಮಕ್ಕಳು ಓದಿರಬಹುದು. ಆ ಮರುಭೂಮಿ, ಆ ಕೆಟ್ಟ ವಿಮಾನ ಕಲ್ಪನೆಯಲ್ಲ, ಅವನು ಅನುಭವಿಸಿದ್ದು.

ಆಂತ್ವಾನ್ ಹುಟ್ಟಿದ್ದು 1900ರ ಜೂನ್ 29ರಂದು, ಲಿಯೋನ್ ನಗರದಲ್ಲಿ. ಅವನಿಗೆ ನಾಲ್ಕು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡರು. ತಾಯಿ ಮರೀ ಐದು ಮಕ್ಕಳನ್ನು ಕಟ್ಟಿಕೊಂಡು ಬದುಕು ನಡೆಸಿದರು. ದೊಡ್ಡ ಮನೆತನ, ಆದರೆ ಕೈಯಲ್ಲಿ ಹಣವಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಆ ತಾಯಿ ತಮ್ಮೂರಿನ ಸಮೀಪದ ರೈಲು ನಿಲ್ದಾಣದಲ್ಲಿ ಗಾಯಾಳು ಸೈನಿಕರ ಶುಶ್ರೂಷೆಗೆ ನಿಂತವರು. ಒಬ್ಬ ಮಗ ಹದಿಹರೆಯದಲ್ಲೇ ಕಾಯಿಲೆಯಿಂದ ತೀರಿಕೊಂಡ. ಇನ್ನೊಬ್ಬ ಮಗ, ಈ ಆಂತ್ವಾನ್, ನೌಕಾಪಡೆಯ ಪ್ರವೇಶ ಪರೀಕ್ಷೆಯಲ್ಲಿ ನಪಾಸಾದ. 1921ರಲ್ಲಿ ಕಡ್ಡಾಯ ಸೈನ್ಯಸೇವೆಗೆಂದು ವಾಯುಪಡೆಗೆ ಹೋದರೆ ಅಲ್ಲಿಯೂ ನೆಲದ ಮೇಲಿನ ಕೆಲಸ. ಹಾರಲು ಕಲಿಯಬೇಕಿದ್ದರೆ ಖಾಸಗಿಯಾಗಿ ಹಣ ಕೊಟ್ಟು ಕಲಿಯಬೇಕು. ಮಗ ತಾಯಿಗೆ ಪತ್ರ ಬರೆದ. ತಾಯಿ ಹಣ ಹೊಂದಿಸಿ ಕೊಟ್ಟರು. ಮಗ ಅಪಾಯಕ್ಕೆ ಹೋಗುತ್ತಿದ್ದಾನೆಂದು ಗೊತ್ತಿದ್ದೂ ತಾಯಿಯೇ ಖರ್ಚು ಕೊಡಬೇಕಾಗಿ ಬಂದಾಗ ಅವರ ಹೊಟ್ಟೆಯೊಳಗೆ ಏನಾಗಿರಬೇಡ! ನಮ್ಮಲ್ಲಿಯೂ ಬಳೆ ಬಿಚ್ಚಿ ಕೊಟ್ಟು ಮಗನ ವೀಸಾಕ್ಕೆ ದಾರಿ ಮಾಡಿದ ತಾಯಂದಿರಿದ್ದಾರೆ. ಅವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾರಲು ಕಲಿತದ್ದಾಯಿತು. ಆದರೆ 1923ರಲ್ಲಿ ಪ್ಯಾರಿಸ್ ಸಮೀಪ ವಿಮಾನ ಬಿದ್ದು ತಲೆಬುರುಡೆ ಒಡೆಯಿತು. ಮದುವೆಗೆ ನಿಶ್ಚಯವಾಗಿದ್ದ ಹುಡುಗಿಯ ಮನೆಯವರು ಹಾರುವ ಕೆಲಸಕ್ಕೆ ಒಪ್ಪಲಿಲ್ಲ. ಆಗಲಿ ಎಂದು ಬಿಟ್ಟುಕೊಟ್ಟು ಒಂದು ಹೆಂಚಿನ ಕಂಪೆನಿಯ ಕಚೇರಿಯಲ್ಲಿ ಲೆಕ್ಕ ಬರೆಯಲು ಕುಳಿತ. ಅಷ್ಟಾದರೂ ಮದುವೆ ಮುರಿದೇ ಹೋಯಿತು. ಆಮೇಲೆ ಲಾರಿ ಮಾರುವ ಕೆಲಸ. ಊರೂರು ಅಲೆದು ಅವನು ಮಾರಿದ್ದು ಒಂದೇ ಒಂದು ಲಾರಿಯಂತೆ! ಇಪ್ಪತ್ತಾರರ ವಯಸ್ಸಿನಲ್ಲಿ, ಹಳೆಯ ಶಾಲಾ ಶಿಕ್ಷಕರೊಬ್ಬರ ಶಿಫಾರಸು ಹಿಡಿದು, 1926ರ ಅಕ್ಟೋಬರಿನಲ್ಲಿ ದಕ್ಷಿಣ ಫ್ರಾನ್ಸಿನ ತುಲೂಸ್ ಪಟ್ಟಣಕ್ಕೆ ಬಂದಿಳಿದಾಗ ಅವನ ಸ್ಥಿತಿ ಇದು.

ತುಲೂಸಿನ ಹೊರವಲಯದ ಮೊಂತೊದ್ರಾನ್ ಎಂಬ ಮೈದಾನದಿಂದ ಲಾತೆಕೋಯೆರ್ ಕಂಪೆನಿಯ ವಿಮಾನಗಳು ಹೊರಡುತ್ತಿದ್ದವು. ಮುಖ್ಯವಾಗಿ ಅಂಚೆ ಸಾಗಿಸುವ ವಿಮಾನಗಳು. 1918ರ ಡಿಸೆಂಬರ್ 25ರಂದು, ಯುದ್ಧ ಮುಗಿದು ಎರಡು ತಿಂಗಳೂ ಆಗಿರದಿದ್ದಾಗ, ಇಲ್ಲಿಂದ ಸ್ಪೇನಿನ ಬಾರ್ಸಿಲೋನಾಕ್ಕೆ ಮೊದಲ ಹಾರಾಟ ನಡೆದಿತ್ತು. ಬಳಿಕ ದಾರಿ ಮೊರಾಕ್ಕೋದ ಕಾಸಾಬ್ಲಾಂಕಾಕ್ಕೆ ಬೆಳೆಯಿತು. 1925ರಲ್ಲಿ ಸಹಾರಾ ಮರುಭೂಮಿಯ ಅಂಚಿನಲ್ಲೇ ಸಾಗಿ ಸೆನೆಗಲ್‌ನ ಡಕಾರ್ ತಲುಪಿತು. ವಿಮಾನಗಳೆಂದರೆ ಬ್ರೆಗೆ 14 ಎಂಬ, ಯುದ್ಧದಲ್ಲಿ ಬಾಂಬು ಹಾಕಲು ಬಳಸಿ ಉಳಿದವು. ಪೈಲಟ್ ಕೂರುವ ಜಾಗಕ್ಕೆ ಮೇಲೆ ಮಾಡಿಲ್ಲ. ಮಳೆ, ಗಾಳಿ, ಎಂಜಿನಿನ ಎಣ್ಣೆ ಎಲ್ಲವೂ ನೇರ ಮುಖಕ್ಕೆ. ರೇಡಿಯೋ ಇಲ್ಲ. ಯಾವ ಸೂಚನೆಯನ್ನೂ ಕೊಡದೆ ಎಂಜಿನ್ ನಿಂತುಬಿಡುವುದು ಮಾಮೂಲು. ಆಗ ಕೆಳಗೆ ಸಮತಟ್ಟಾದ ಹೊಲ ಸಿಕ್ಕಿದರೆ ಬದುಕು, ಬಂಡೆ ಸಿಕ್ಕಿದರೆ ಇಲ್ಲ.

ಹೊಸಬರನ್ನು ಪಳಗಿಸುವ ಅಧಿಕಾರಿ ದಿದಿಯೆ ದೋರಾ. ಮಾತು ಕಡಿಮೆ, ಶಿಸ್ತು ಹೆಚ್ಚು. ಪೈಲಟ್ ಲೈಸೆನ್ಸ್ ಇಟ್ಟುಕೊಂಡು ಬಂದ ಈ ಉನ್ನತ ಮನೆತನದ ಯುವಕನಿಗೆ ಆತ ಕೊಟ್ಟ ಮೊದಲ ಕೆಲಸ ಯಾವುದು ಗೊತ್ತೆ? ವರ್ಕ್‌ಶಾಪಿನಲ್ಲಿ ಎಂಜಿನ್ ಬಿಚ್ಚಿ ಸಿಲಿಂಡರ್ ತೊಳೆಯುವುದು! ಇವನೊಬ್ಬನಿಗೇ ಅಲ್ಲ, ಬಂದವರಿಗೆಲ್ಲ ಇದೇ ನಿಯಮ. ಕೈಗೆ ಗ್ರೀಸು ಹತ್ತದವನಿಗೆ ವಿಮಾನವಿಲ್ಲ. ಕೆಲವರು ಅವಮಾನವೆಂದುಕೊಂಡು ಮೂಟೆ ಕಟ್ಟಿ ಹೊರಟೂ ಹೋಗುತ್ತಿದ್ದರು. ದೋರಾಗೆ ಬೇಕಿದ್ದದ್ದೂ ಅದೇ ಇರಬೇಕು. ಆಕಾಶದಲ್ಲಿ ಚಮತ್ಕಾರ ತೋರಿಸುವವರು ಅವನಿಗೆ ಬೇಡವಾಗಿದ್ದರು. ಪತ್ರಗಳ ಚೀಲವನ್ನು ಹೇಳಿದ ಹೊತ್ತಿಗೆ ಹೇಳಿದ ಊರಿಗೆ ಮುಟ್ಟಿಸುವವರು ಬೇಕಾಗಿದ್ದರು. ನನಗೇನೋ ಈ ದೋರಾ ತುಸು ಕಲ್ಲುಹೃದಯದವನೆಂದೇ ಅನಿಸುತ್ತದೆ. ಹವಾಮಾನ ಹೇಗಿದ್ದರೂ ಅಂಚೆ ಹೊರಡಲೇಬೇಕೆಂಬ ಅವನ ಹಟಕ್ಕೆ ಎಷ್ಟೋ ಮನೆಗಳು ಬೆಲೆ ತೆತ್ತಿವೆ. ಆದರೂ ಎಂಜಿನಿನ ಹೊಟ್ಟೆಯೊಳಗೆ ಏನಿದೆಯೆಂದು ಕೈಯಾರೆ ತಿಳಿದವನು ಅದರ ಸದ್ದಿನಲ್ಲಿ ಬರುವ ಸಣ್ಣ ವ್ಯತ್ಯಾಸವನ್ನೂ ಗುರುತಿಸಬಲ್ಲ ಎಂಬ ಅವನ ಲೆಕ್ಕ ತಪ್ಪಾಗಿರಲಿಲ್ಲ.

ಪೈಲಟ್‌ಗಳು ಇಳಿದುಕೊಳ್ಳುತ್ತಿದ್ದದ್ದು ಪಟ್ಟಣದ 'ಗ್ರಾಂ ಬಾಲ್ಕನ್' ಎಂಬ ಹೋಟೆಲಿನಲ್ಲಿ. ಅದನ್ನು ನಡೆಸುತ್ತಿದ್ದವರು ಮದುವೆಯಾಗದ ಅಕ್ಕತಂಗಿಯರು. ಸಂಬಳ ಕೈಗೆ ಹತ್ತದ ಈ ಹುಡುಗರಿಗೆ ಕಡಿಮೆ ಬಾಡಿಗೆಗೆ ಕೋಣೆ ಕೊಟ್ಟು, ಮನೆಯ ಮಕ್ಕಳಂತೆ ನೋಡಿಕೊಳ್ಳುತ್ತಿದ್ದರು. ಇತಿಹಾಸದ ಪುಸ್ತಕಗಳಲ್ಲಿ ವಿಮಾನಗಳ ಹೆಸರು, ಕಂಪೆನಿಗಳ ಹೆಸರು ದಪ್ಪಕ್ಷರದಲ್ಲಿರುತ್ತದೆ. ಬೆಳಗಿನ ಜಾವ ಎದ್ದು ಹೊರಡುವವನಿಗೆ ಬಿಸಿ ಬಿಸಿ ಏನಾದರೂ ಕೊಟ್ಟು ಕಳಿಸುವ ಹೆಂಗಸರಿಗೆ ಅಲ್ಲಿ ಒಂದು ಸಾಲು ಸಿಕ್ಕಿದರೆ ಹೆಚ್ಚು.

ವರ್ಕ್‌ಶಾಪ್ ಮುಗಿದ ಮೇಲೆ ತುಲೂಸಿನಿಂದ ಪೆರ್ಪಿನ್ಯಾನ್‌ವರೆಗೆ ಪರೀಕ್ಷಾರ್ಥ ಹಾರಾಟಗಳು. ಚಳಿ ಕೊರೆಯುವ ಶೆಡ್ಡಿನಲ್ಲಿ ಹವಾಮಾನದ ಪಾಠ. ಊಟದ ಹೊತ್ತಿನಲ್ಲಿ ಹಳೆಯ ಪೈಲಟ್‌ಗಳು ಅಲಿಕಾಂತೆಯಿಂದಲೋ ಕಾಸಾಬ್ಲಾಂಕಾದಿಂದಲೋ ಬಂದು, ಮಳೆಯಲ್ಲಿ ನೆನೆದ ಚರ್ಮದ ಕೋಟಿನಲ್ಲೇ ಕುಳಿತುಕೊಳ್ಳುವರು. ದಾರಿ ಹೇಗಿತ್ತೆಂದು ಹೊಸಬರು ಅಂಜುತ್ತ ಕೇಳಿದರೆ ಒಂದೆರಡು ಮಾತಿನ ಉತ್ತರ. ಆ ಚುಟುಕು ಉತ್ತರಗಳಿಂದಲೇ ಹೊಸಬರು ಸ್ಪೇನಿನ ಪರ್ವತಗಳನ್ನೂ ಬಿರುಗಾಳಿಯನ್ನೂ ಕಲ್ಪಿಸಿಕೊಂಡು ಹೆದರುತ್ತಿದ್ದರು.

ಕೊನೆಗೊಂದು ಸಂಜೆ ದೋರಾ ಕರೆದು, ನಾಳೆ ಬೆಳಗ್ಗೆ ನೀನು ಅಂಚೆ ಕೊಂಡೊಯ್ಯಬೇಕು ಎಂದ. ಮೊದಲ ಬಾರಿ, ಒಬ್ಬನೇ, ಪರ್ವತಗಳ ಮೇಲಿಂದ. ಆಂತ್ವಾನ್‌ನ ಎದೆ ಹೊಡೆದುಕೊಳ್ಳತೊಡಗಿತು. ನಕ್ಷೆ ಬಿಡಿಸಿ ನೋಡಿದ. ಊರುಗಳು, ನದಿಗಳು, ಬೆಟ್ಟಗಳ ಎತ್ತರ ಎಲ್ಲ ಇದ್ದವು. ಆದರೆ ಎಂಜಿನ್ ನಿಂತರೆ ಎಲ್ಲಿ ಇಳಿಯುವುದು ಎಂಬುದೊಂದು ಇರಲಿಲ್ಲ. ನಕ್ಷೆಯನ್ನು ಮಡಚಿಕೊಂಡು ಗೆಳೆಯ ಆನ್ರಿ ಗಿಯೊಮೆಯ ಬಳಿಗೆ ಹೋದ. ಗಿಯೊಮೆ ವಯಸ್ಸಿನಲ್ಲಿ ಇವನಿಗಿಂತ ಎರಡು ವರ್ಷ ಚಿಕ್ಕವನು. ಆದರೆ ಆ ದಾರಿಯಲ್ಲಿ ಆಗಲೇ ಹಾರಿ ಪಳಗಿದವನು.

ಗಿಯೊಮೆ ನಕ್ಷೆಯನ್ನು ದೀಪದ ಕೆಳಗೆ ಹರಡಿ ಪಾಠ ಶುರುಮಾಡಿದ. ಎಂಥ ವಿಚಿತ್ರ ಪಾಠ! ಸ್ಪೇನಿನ ಜನಸಂಖ್ಯೆ, ಬೆಳೆ, ನಗರಗಳ ವಿಚಾರ ಒಂದು ಮಾತೂ ಇಲ್ಲ. ಗ್ವಾದಿಕ್ಸ್ ಎಂಬ ಊರಿನ ಬಗ್ಗೆ ಅವನು ಹೇಳಿದ್ದು ಅಲ್ಲಿನ ಒಂದು ಹೊಲದ ಅಂಚಿನಲ್ಲಿರುವ ಮೂರು ಕಿತ್ತಳೆ ಮರಗಳ ಬಗ್ಗೆ. ಇಳಿಯುವಾಗ ಅವು ಅಡ್ಡ ಬರುತ್ತವೆ, ಎಚ್ಚರ ಎಂದ. (ಈ ಗ್ವಾದಿಕ್ಸ್ ಅರಬರ ಕಾಲದ ವಾದಿ ಆಶ್. 'ಹಯ್ಯ್ ಇಬ್ನ್ ಯಕ್ಝಾನ್' ಎಂಬ ಪ್ರಸಿದ್ಧ ಕತೆ ಬರೆದ ಇಬ್ನ್ ತುಫೈಲ್ ಹುಟ್ಟಿದ ಊರು. ಗಿಯೊಮೆಗೆ ಅದು ತಿಳಿದಿತ್ತೋ ಇಲ್ಲವೋ, ಆ ರಾತ್ರಿ ಅವನಿಗೆ ಬೇಕಿದ್ದದ್ದು ಕಿತ್ತಳೆ ಮರಗಳು ಮಾತ್ರ!) ಲೋರ್ಕಾ ಪಟ್ಟಣದ ಬಗ್ಗೆಯೂ ಏನೂ ಹೇಳಲಿಲ್ಲ. ಅದರ ಸಮೀಪ ಬೆಟ್ಟದ ಬದಿಯಲ್ಲಿ ಒಂಟಿ ಮನೆಯೊಂದಿದೆ, ಅಲ್ಲೊಬ್ಬ ರೈತ ಮತ್ತು ಅವನ ಹೆಂಡತಿ ಇದ್ದಾರೆ, ಬಿದ್ದವನ ನೆರವಿಗೆ ಬರುವವರು ಅವರು ಎಂದ. ಮೋತ್ರಿಲ್‌ನ ಪಶ್ಚಿಮಕ್ಕೆ ಒಂದು ಹುಲ್ಲುಗಾವಲಿದೆ, ಮೇಲಿನಿಂದ ನೋಡಿದರೆ ಇಳಿಯಲು ಹೇಳಿಮಾಡಿಸಿದಂತೆ ಕಾಣುತ್ತದೆ, ಆದರೆ ಹುಲ್ಲಿನ ಕೆಳಗೆ ತೊರೆಯೊಂದು ಅಡಗಿ ಹರಿಯುತ್ತದೆ, ಚಕ್ರ ಸಿಕ್ಕಿಕೊಂಡರೆ ಮುಗಿಯಿತು ಎಂದ. ಇನ್ನೊಂದು ಕಡೆ ಇಳಿಜಾರಿನಲ್ಲಿ ಮೂವತ್ತು ಕುರಿಗಳು ಮೇಯುತ್ತಿರುತ್ತವೆ, ನೆಲ ಖಾಲಿಯಿದೆಯೆಂದು ಇಳಿಯುವಷ್ಟರಲ್ಲಿ ಚಕ್ರದಡಿಗೆ ನುಗ್ಗುತ್ತವೆ ಎಂದ.

ಆಂತ್ವಾನ್ ಒಂದೊಂದನ್ನೂ ನಕ್ಷೆಯಲ್ಲಿ ಗುರುತು ಹಾಕಿಕೊಂಡ. ಯಾವ ಭೂಗೋಳದ ಪಂಡಿತನೂ ಬರೆಯದ ತೊರೆ, ಯಾವ ಸರಕಾರವೂ ಲೆಕ್ಕಕ್ಕೆ ತೆಗೆದುಕೊಳ್ಳದ ರೈತನ ಹೆಂಡತಿ ಆ ಕಾಗದದ ಮೇಲೆ ಬಂದು ಕುಳಿತರು.

ಈ ಭಾಗವನ್ನು ಓದುವಾಗ ನನಗೆ ಮದುವೆಯಾಗಿ ಹೊಸ ಊರಿಗೆ ಹೋಗುವ ಹೆಣ್ಣುಮಕ್ಕಳ ನೆನಪಾಗುತ್ತದೆ. ಗಂಡನ ಮನೆಯ ಬಗ್ಗೆ ತವರಿನವರು ವಿಚಾರಿಸಿರುತ್ತಾರೆ. ಎಷ್ಟು ಎಕರೆ ತೋಟ, ಎಷ್ಟು ಅಣ್ಣತಮ್ಮಂದಿರು, ಹುಡುಗನಿಗೆ ಎಷ್ಟು ಸಂಬಳ ಎಲ್ಲ ಗೊತ್ತಿರುತ್ತದೆ. ಆದರೆ ಹಿತ್ತಲಿನ ಯಾವ ಮೆಟ್ಟಿಲು ಮಳೆಗಾಲದಲ್ಲಿ ಜಾರುತ್ತದೆ, ಮಾವನಿಗೆ ಚಹಾ ಎಷ್ಟು ಹೊತ್ತಿಗೆ ಕೊಟ್ಟರೆ ಸಮಾಧಾನ, ರಾತ್ರಿ ಮಗುವಿಗೆ ಜ್ವರ ಬಂದರೆ ಯಾರ ಮನೆಯ ಬಾಗಿಲು ತಟ್ಟಬಹುದು ಎಂದು ಹೇಳಿಕೊಡುವವಳು ಮೊದಲೇ ಆ ಮನೆ ಸೇರಿದ ಓರಗಿತ್ತಿಯೋ ಪಕ್ಕದ ಮನೆಯ ಅಕ್ಕನೋ ಆಗಿರುತ್ತಾಳೆ. ಹಾಗೆ ಹೇಳಿಕೊಡುವವರು ಸಿಕ್ಕಿದವಳ ಮೊದಲ ವರ್ಷವೇ ಬೇರೆ, ಸಿಗದವಳ ಮೊದಲ ವರ್ಷವೇ ಬೇರೆ.

ಮರುದಿನ ಬೆಳಗಿನ ಜಾವ ಮೂರಕ್ಕೆ ಎದ್ದು, ಪುಟ್ಟ ಪೆಟ್ಟಿಗೆಯ ಮೇಲೆಯೇ ಕುಳಿತು ಬೀದಿಯಲ್ಲಿ ಬಸ್ಸಿಗೆ ಕಾದ. ಒಳಗೆ ನಿದ್ದೆಗಣ್ಣಿನ ಕಸ್ಟಮ್ಸ್ ನೌಕರರು, ಗುಮಾಸ್ತರು. ಮೈದಾನಕ್ಕೆ ಪೈಲಟ್‌ನನ್ನು ಒಯ್ಯುತ್ತಿದ್ದದ್ದು ಆ ಹಳೆಯ ಗಡಗಡ ಬಸ್ಸೇ. ಮುಂದೆ ಇಂಥದೇ ಒಂದು ಬೆಳಗಿನ ಬಸ್ಸಿನಲ್ಲಿ, ಕತ್ತಲಲ್ಲಿ ಯಾರೋ ಪಿಸುಮಾತಿನಲ್ಲಿ ಆಡಿದ್ದು ಅವನ ಕಿವಿಗೆ ಬಿತ್ತು. ಲೆಕ್ರಿವೆನ್ ಎಂಬ ಸಂಗಡಿಗ ಹಿಂದಿನ ರಾತ್ರಿ ಕಾಸಾಬ್ಲಾಂಕಾದಲ್ಲಿ ಇಳಿಯಲಿಲ್ಲವಂತೆ. ಅಷ್ಟೇ ಮಾತು. ಬಸ್ಸು ಮುಂದೆ ಹೋಯಿತು.

ಮೊದಲ ಹಾರಾಟ ಸುಸೂತ್ರವಾಗಿ ಆಯಿತು. ನಿಜವಾದ ಪ್ರಯಾಣದ ಕಷ್ಟಗಳು ಆರಂಭವಾದದ್ದು ಆಮೇಲೆ, ಅವನನ್ನು ಆಫ್ರಿಕಾದ ದಾರಿಗೆ ಹಾಕಿದಾಗ. ಕಾಸಾಬ್ಲಾಂಕಾದಿಂದ ಡಕಾರ್‌ಗೆ ಸುಮಾರು 2,800 ಕಿಲೋಮೀಟರ್. ನಡುವೆ ಸ್ಪೇನ್ ತನ್ನದೆಂದು ಹೇಳಿಕೊಳ್ಳುತ್ತಿದ್ದ, ಆದರೆ ನಿಜದಲ್ಲಿ ಅಲ್ಲಿನ ಬುಡಕಟ್ಟುಗಳೇ ಆಳುತ್ತಿದ್ದ ಸಹಾರಾ. ಎಂಜಿನ್ ಕೆಟ್ಟು ಇಳಿದವನು ಬುಡಕಟ್ಟಿನವರ ಕೈಗೆ ಸಿಕ್ಕಿದರೆ ಒತ್ತೆಯಾಳು, ಕೆಲವೊಮ್ಮೆ ಸಾವು. ಮೆರ್ಮೋಝ್ ಎಂಬ ಪ್ರಸಿದ್ಧ ಪೈಲಟ್ 1926ರಲ್ಲಿ ಹೀಗೆ ಸಿಕ್ಕಿಬಿದ್ದು ಹಣ ಕೊಟ್ಟ ಮೇಲೆ ಬಿಡುಗಡೆಯಾದ. ಅದೇ ವರ್ಷ ಇನ್ನಿಬ್ಬರು ಪೈಲಟ್‌ಗಳು ಗುಂಡಿಗೆ ಬಲಿಯಾದರು. ಆದ್ದರಿಂದ ಎರಡೆರಡು ವಿಮಾನಗಳು ಜೊತೆಯಾಗಿ ಹಾರುತ್ತಿದ್ದವು. ಭಾಷೆ ತಿಳಿದ ಸ್ಥಳೀಯನೊಬ್ಬನೂ ಜೊತೆಗಿರುತ್ತಿದ್ದ. ಫ್ರೆಂಚ್ ಬರಹಗಳಲ್ಲಿ ಆ ಬುಡಕಟ್ಟಿನವರನ್ನು ದರೋಡೆಕೋರರೆಂದು ಕರೆದುಬಿಡುತ್ತಾರೆ. ಹೇಳದೆ ಕೇಳದೆ ಬಂದು ನೆಲಕ್ಕೆ ಗೆರೆ ಎಳೆದು ಹಂಚಿಕೊಂಡವರನ್ನು ಏನೆಂದು ಕರೆಯಬೇಕೆಂದು ಮಾತ್ರ ಅವರು ಬರೆಯುವುದಿಲ್ಲ!

1927ರ ಅಕ್ಟೋಬರಿನಲ್ಲಿ ಆಂತ್ವಾನ್‌ನನ್ನು ಇದೇ ದಾರಿಯ ಕೇಪ್ ಜೂಬಿ ಎಂಬ ತಂಗುದಾಣಕ್ಕೆ ಮುಖ್ಯಸ್ಥನಾಗಿ ಕಳಿಸಿದರು. ಈಗ ಅದು ಮೊರಾಕ್ಕೋದ ತರ್ಫಾಯಾ. ಒಂದು ಕಡೆ ಕಡಲು, ಮೂರು ಕಡೆ ಮರಳು. ಸ್ಪ್ಯಾನಿಷ್ ಕೋಟೆಯ ಗೋಡೆಗೆ ಒರಗಿದ ಮರದ ಗುಡಿಸಲು. ಹಲಗೆಯ ಮೇಲೆ ಹಾಸಿದ ತೆಳ್ಳಗಿನ ಹಾಸಿಗೆ, ಮುಖ ತೊಳೆಯಲು ಒಂದು ಬೋಗುಣಿ. ಕುಡಿಯುವ ನೀರು ಕೆನರಿ ದ್ವೀಪಗಳಿಂದ ಹಡಗಿನಲ್ಲಿ ಬರಬೇಕು. ತಾಯಿಗೆ ಬರೆದ ಪತ್ರಗಳಲ್ಲಿ ತನ್ನದು ಸನ್ಯಾಸಿಯ ಬದುಕೆಂದು ಹೇಳಿಕೊಂಡಿದ್ದಾನೆ. ಒಂದು ಹಲಗೆಯನ್ನು ಎರಡು ಪೀಪಾಯಿಗಳ ಮೇಲಿಟ್ಟು ಮೇಜು ಮಾಡಿಕೊಂಡು ರಾತ್ರಿಗಳಲ್ಲಿ ತನ್ನ ಮೊದಲ ಕಾದಂಬರಿ ಬರೆದ.

ಅಲ್ಲಿ ಅವನು ಮಾಡಿದ ಒಳ್ಳೆಯ ಕೆಲಸವೆಂದರೆ ಕೋಟೆಯೊಳಗೆ ಅಡಗಿ ಕೂರದೆ ಇದ್ದದ್ದು. ಸ್ಥಳೀಯ ಗುರುವೊಬ್ಬರಿಂದ ಅರಬಿ ಪಾಠ ಹೇಳಿಸಿಕೊಂಡ. ಡೇರೆಗಳಿಗೆ ಹೋಗಿ ಚಹಾ ಕುಡಿದ. ಮಕ್ಕಳಿಗೆ ಮಿಠಾಯಿ ಹಂಚಿದ. ಕ್ರಮೇಣ ಕೆಳಗೆ ಬಿದ್ದ ವಿಮಾನದವರನ್ನು ಬಿಡಿಸಿ ತರಬೇಕಾದರೆ ಇವನ ಮಾತು ನಡೆಯತೊಡಗಿತು. ಆ ಬುಡಕಟ್ಟಿನ ಕೆಲವು ಹಿರಿಯರನ್ನು ಒಮ್ಮೆ ಫ್ರಾನ್ಸಿಗೆ ಕರೆದೊಯ್ದು ಅಲ್ಲಿನ ವೈಭವ ತೋರಿಸಿದ್ದರಂತೆ. ಅವರು ಬೆರಗಾದದ್ದು ಬೆಟ್ಟದಿಂದ ಧುಮುಕುವ ಒಂದು ಜಲಪಾತಕ್ಕೆ. ಹೊರಡೋಣವೆಂದರೆ ಕದಲಲಿಲ್ಲ. ಇಷ್ಟು ಸಿಹಿನೀರು ಒಂದಲ್ಲ ಒಂದು ಗಳಿಗೆಯಲ್ಲಿ ನಿಲ್ಲಲೇಬೇಕಲ್ಲ, ನಿಂತ ಮೇಲೆ ಹೋಗೋಣ ಎಂದು ಕಾದು ನಿಂತರಂತೆ! ನಲ್ಲಿ ತಿರುಗಿಸಿಟ್ಟು ಮಾತಿಗೆ ನಿಲ್ಲುವ ನಮಗೆ ಇದು ನಗೆಚಾಟಿಕೆಯಂತೆ ಕಾಣಬಹುದು. ಒಂದು ಬಿಂದಿಗೆ ನೀರಿಗಾಗಿ ದಿನಗಟ್ಟಲೆ ನಡೆದವರಿಗೆ ಅದು ನಗುವ ಮಾತಲ್ಲ.

ಅಲ್ಲಿ ಗುಲಾಮಗಿರಿಯೂ ಇತ್ತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬಾರ್ಕ್ ಎಂಬ ಮುದುಕನಿದ್ದ. ಗುಲಾಮರನ್ನೆಲ್ಲ ಅಲ್ಲಿ ಬಾರ್ಕ್ ಎಂದೇ ಕರೆಯುತ್ತಿದ್ದರು. ಆದರೆ ಈತ ಕೇಳಿದವರಿಗೆಲ್ಲ ತನ್ನ ನಿಜವಾದ ಹೆಸರು ಮುಹಮ್ಮದ್ ಬಿನ್ ಲಹೂಸಿನ್ ಎಂದೂ, ಮರ್ರಾಕಿಶ್‌ನಲ್ಲಿ ತಾನು ದನಕುರಿ ಸಾಗಿಸುತ್ತಿದ್ದವನೆಂದೂ, ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆಂದೂ ಹೇಳುತ್ತಲೇ ಇದ್ದ. ಪೈಲಟ್‌ಗಳು, ಮೆಕ್ಯಾನಿಕ್‌ಗಳು ಹಣ ಕೂಡಿಸಿ ಅವನನ್ನು ಕೊಂಡು ಬಿಡುಗಡೆ ಮಾಡಿದರು. ಕೈಗೆ ಒಂದಿಷ್ಟು ಹಣ ಕೊಟ್ಟು ವಿಮಾನದಲ್ಲಿ ಅಗಾದಿರ್‌ಗೆ ಕಳಿಸಿದರು. ಅಲ್ಲಿ ಅವನು ಮಾಡಿದ್ದೇನು? ಬೀದಿಯ ಬಡಮಕ್ಕಳಿಗೆ ಚಿನ್ನದ ದಾರದ ಕಸೂತಿಯಿದ್ದ ಚಪ್ಪಲಿ, ಆಟಿಕೆ ಕೊಡಿಸುತ್ತಾ ಇದ್ದ ಹಣವನ್ನೆಲ್ಲ ಖಾಲಿ ಮಾಡಿದ! ಹುಚ್ಚನೆಂದುಕೊಂಡವರೂ ಇದ್ದರು. ವರ್ಷಗಟ್ಟಲೆ ಯಾರಿಗೂ ಬೇಡವಾಗಿದ್ದವನಿಗೆ ಮಕ್ಕಳು ಸುತ್ತುವರಿದು ಕೈ ಹಿಡಿದು ಎಳೆಯುವ ಸುಖ ಎಷ್ಟು ಬೇಕಾಗಿತ್ತೋ.

ಇನ್ನು ಮನೆಯಲ್ಲಿ ಕಾಯುವವರ ವಿಚಾರ. ಇದನ್ನು ಹೇಳಲು ಮತ್ತೆ ಗಿಯೊಮೆಯ ಬಳಿಗೇ ಹೋಗಬೇಕು.

ಕಂಪೆನಿ ದಕ್ಷಿಣ ಅಮೆರಿಕಕ್ಕೂ ವಿಸ್ತರಿಸಿತ್ತು. ಚಿಲಿ ಮತ್ತು ಅರ್ಜೆಂಟೀನಾದ ನಡುವಿನ ಆಂಡಿಸ್ ಪರ್ವತಗಳ ಮೇಲೆ ಅಂಚೆ ಒಯ್ಯುವ ಕೆಲಸ ಗಿಯೊಮೆಯದು. 1930ರ ಜೂನ್ 13, ಅಲ್ಲಿ ಆಗ ನಡುಚಳಿಗಾಲ. ಹಿಮದ ಬಿರುಗಾಳಿಗೆ ಸಿಕ್ಕಿದ ಅವನ ವಿಮಾನ ಪರ್ವತದ ನಡುವಿನ ಒಂದು ಸರೋವರದ ದಡದಲ್ಲಿ ಇಳಿದು ಮಗುಚಿಬಿತ್ತು. ಎರಡು ರಾತ್ರಿ ವಿಮಾನದ ಆಸರೆಯಲ್ಲಿ, ಅಂಚೆ ಚೀಲಗಳ ನಡುವೆ ಕಳೆದ. ಬಳಿಕ ನಡೆಯತೊಡಗಿದ. ಐದು ಹಗಲು, ನಾಲ್ಕು ರಾತ್ರಿ. ಹಗ್ಗವಿಲ್ಲ, ಕೊಡಲಿಯಿಲ್ಲ, ತಿನ್ನಲು ಏನೂ ಇಲ್ಲವೆನ್ನುವಷ್ಟು ಕಡಿಮೆ. ಊದಿದ ಕಾಲಿಗೆ ಜಾಗ ಮಾಡಲು ಬೂಟನ್ನು ದಿನಕ್ಕಿಷ್ಟು ಕತ್ತರಿಸುತ್ತ ಹೋದ. ಮಲಗಿದರೆ ಏಳುವುದಿಲ್ಲವೆಂದು ಗೊತ್ತಿದ್ದರಿಂದ ಮಲಗಲಿಲ್ಲ. ಅತ್ತ ಆಂತ್ವಾನ್ ವಿಮಾನದಲ್ಲಿ ದಿನವೂ ಆ ಶಿಖರಗಳ ನಡುವೆ ಹುಡುಕುತ್ತಿದ್ದ. ಆ ಚಳಿಯಲ್ಲಿ ಯಾರೂ ಬದುಕಿ ಬರುವುದಿಲ್ಲವೆಂದು ಅಲ್ಲಿಯವರು ಕೈಚೆಲ್ಲಿದ್ದರು.

ಒಂದು ಹಂತದಲ್ಲಿ ಗಿಯೊಮೆ ಹಿಮದ ಮೇಲೆ ಬಿದ್ದುಬಿಟ್ಟ. ಏಳುವ ಮನಸ್ಸೂ ಉಳಿಯಲಿಲ್ಲ. ಆಗ ಅವನಿಗೆ ಹೆಂಡತಿ ನೋಯೆಲ್ ನೆನಪಾದಳು. ಇನ್ಶೂರೆನ್ಸ್ ಇದೆಯಲ್ಲ, ಅವಳಿಗೆ ತೊಂದರೆಯಾಗದು ಎಂದುಕೊಂಡ. ಅದರ ಬೆನ್ನಿಗೇ ಇನ್ನೊಂದು ನೆನಪಾಯಿತು. ಶವ ಸಿಗದೆ ನಾಪತ್ತೆಯಾದವನನ್ನು ಸತ್ತನೆಂದು ಕಾನೂನು ಒಪ್ಪಿಕೊಳ್ಳಬೇಕಾದರೆ ನಾಲ್ಕು ವರ್ಷ ಬೇಕು! ಅಲ್ಲಿಯವರೆಗೆ ಅವಳು ಏನು ತಿನ್ನಬೇಕು? ತಾನು ಬಿದ್ದಿರುವುದು ಇಳಿಜಾರಿನಲ್ಲಿ. ಬೇಸಿಗೆಯಲ್ಲಿ ಹಿಮ ಕರಗಿದರೆ ತನ್ನ ದೇಹ ಯಾವುದೋ ಕಂದರಕ್ಕೆ ಕೊಚ್ಚಿಹೋಗುತ್ತದೆ. ಐವತ್ತು ಮೀಟರ್ ಮುಂದೆ ಒಂದು ಬಂಡೆ ಕಾಣುತ್ತಿತ್ತು. ಅದಕ್ಕೆ ಒರಗಿ ಸತ್ತರೆ ದೇಹ ಸಿಗುತ್ತದೆ, ಹೆಂಡತಿಗೆ ಹಣ ಸಿಗುತ್ತದೆ. ಅಷ್ಟಕ್ಕೆಂದು ಎದ್ದ. ಎದ್ದವನು ಬಂಡೆ ದಾಟಿಯೂ ನಡೆದ. ಇನ್ನೆರಡು ರಾತ್ರಿ ನಡೆದ. ಕೊನೆಗೆ ಹಳ್ಳಿಯ ಜನರ ಕಣ್ಣಿಗೆ ಬಿದ್ದು ಬದುಕಿ ಬಂದ.

ಪೈಲಟ್‌ನ ಸಾಹಸವೆಂದು ಇದನ್ನು ಎಲ್ಲರೂ ಕೊಂಡಾಡುತ್ತಾರೆ. ನನ್ನ ಕಣ್ಣಿಗೆ ಅದಕ್ಕಿಂತ ಹೆಚ್ಚಾಗಿ ಕಾಣುವುದು ಆ ನಾಲ್ಕು ವರ್ಷದ ಲೆಕ್ಕ. ದುಡಿಯಲು ಹೋದ ಗಂಡ ಸತ್ತನೋ ಇದ್ದಾನೋ ತಿಳಿಯದ ಹೆಂಗಸರು ನಮ್ಮ ನಡುವೆಯೂ ಇದ್ದಾರೆ. ಕಡಲಿಗೆ ಹೋಗಿ ಮರಳದ ಮೀನುಗಾರರ ಮನೆಗಳಲ್ಲಿದ್ದಾರೆ. ನಮ್ಮ ದೇಶದ ಸಾಕ್ಷ್ಯ ಕಾನೂನಿನಲ್ಲಿ ಈ ಕಾಯುವಿಕೆ ನಾಲ್ಕಲ್ಲ, ಏಳು ವರ್ಷ. ಬ್ಯಾಂಕಿನ ಪಾಸ್‌ಬುಕ್ಕು, ಜಾಗದ ಪತ್ರ, ಇನ್ಶೂರೆನ್ಸ್ ಎಲ್ಲಿದೆ, ಯಾರ ಹೆಸರಲ್ಲಿದೆ ಎಂದು ಹೊರಡುವ ಮುನ್ನ ಹೆಂಡತಿಗೆ ಹೇಳಿ ಹೋಗುವ ಗಂಡಸರು ಎಷ್ಟು ಮಂದಿ? ಕೇಳಿದರೆ ಅಪಶಕುನ ನುಡಿದಂತೆ ಸಿಡುಕುತ್ತಾರೆ. ಸಿಡುಕಿದರೂ ಚಿಂತೆಯಿಲ್ಲ, ಕೇಳಿಟ್ಟುಕೊಳ್ಳಿ ಸಹೋದರಿಯರೇ.

ಆಂತ್ವಾನ್‌ನ ಸರದಿ ಐದು ವರ್ಷಗಳ ನಂತರ ಬಂತು. ಅಷ್ಟು ಹೊತ್ತಿಗೆ ಕಂಪೆನಿ ಕೈಬದಲಾಗಿತ್ತು, ಅವನು ಕೆಲಸ ಬಿಟ್ಟಿದ್ದ, ಸಾಲವ್ಯಾಪ್ತನಾಗಿದ್ದ. 1931ರಲ್ಲಿ ಕೊನ್ಸುಯೆಲೊ ಎಂಬ ವಿಧವೆಯನ್ನು ಮದುವೆಯಾಗಿದ್ದ. ಗಂಡನಾಗಿ ಅವನು ಹೊಗಳುವಂಥವನೇನೂ ಆಗಿರಲಿಲ್ಲ. ಮನೆಯಲ್ಲಿ ನಿಲ್ಲುತ್ತಿರಲಿಲ್ಲ, ಕೈಯಲ್ಲಿ ಕಾಸು ನಿಲ್ಲುತ್ತಿರಲಿಲ್ಲ. ಪ್ಯಾರಿಸ್‌ನಿಂದ ವಿಯೆಟ್ನಾಮಿನ ಸೈಗಾನ್‌ಗೆ ಎಲ್ಲರಿಗಿಂತ ವೇಗವಾಗಿ ಹಾರಿದವನಿಗೆ 1,50,000 ಫ್ರಾಂಕ್ ಬಹುಮಾನವೆಂದು ಪ್ರಕಟವಾಗಿತ್ತು. ಸಾಲ ತೀರಿಸುವ ಆಸೆಯಿಂದ ಅವಸರದಲ್ಲಿ ಹೊರಟ. 1935ರ ಡಿಸೆಂಬರ್ 30ರ ನಸುಕಿನಲ್ಲಿ, ಲಿಬಿಯಾ ಮತ್ತು ಈಜಿಪ್ಟಿನ ನಡುವಿನ ಮರುಭೂಮಿಯಲ್ಲಿ ವಿಮಾನ ನೆಲಕ್ಕೆ ಅಪ್ಪಳಿಸಿತು. ಅವನೂ ಮೆಕ್ಯಾನಿಕ್ ಪ್ರೆವೊ ಕೂಡ ಬದುಕುಳಿದದ್ದೇ ವಿಸ್ಮಯ. ಆದರೆ ನೀರಿನ ತೊಟ್ಟಿ ಒಡೆದು ಮರಳು ಎಲ್ಲವನ್ನೂ ಕುಡಿದಿತ್ತು. ಉಳಿದದ್ದು ಸ್ವಲ್ಪ ಕಾಫಿ, ಒಂದಿಷ್ಟು ದ್ರಾಕ್ಷಿ, ಒಂದು ಕಿತ್ತಳೆ. ಇಲ್ಲಿ ಗಿಯೊಮೆಯ ಗುರುತುಗಳಿಲ್ಲ, ರೈತನ ಮನೆಯಿಲ್ಲ. ತಾವು ಬಿದ್ದ ಜಾಗ ಯಾವುದೆಂಬುದೂ ಸರಿಯಾಗಿ ತಿಳಿದಿರಲಿಲ್ಲ. ಪ್ಯಾರಾಚೂಟಿನ ಬಟ್ಟೆ ಹಾಸಿ ಇಬ್ಬನಿ ಹಿಂಡಿ ಕುಡಿದರೆ ವಾಂತಿಯಾಯಿತು. ಇಲ್ಲದ ಕೆರೆಗಳು, ಇಲ್ಲದ ಊರುಗಳು ಕಣ್ಣಿಗೆ ಕಂಡವು. ಮೂರು ದಿನ ಹಾಗೆ ಅಲೆದರು. ಅವನಿಗೆ ತನ್ನ ಸಂಕಟಕ್ಕಿಂತ ಪ್ಯಾರಿಸ್‌ನಲ್ಲಿ ಸುದ್ದಿಗಾಗಿ ಕಾಯುತ್ತಿರುವವರ ಸಂಕಟವೇ ದೊಡ್ಡದೆನಿಸಿತಂತೆ. ಅಪಾಯದಲ್ಲಿರುವುದು ತಾವಲ್ಲ, ಅವರು ಎಂಬಂತೆ.

ಕೊನೆಗೆ ಒಂಟೆಯೊಂದಿಗೆ ಹೋಗುತ್ತಿದ್ದ ಒಬ್ಬ ಬದವಿ ಅರಬನ ಕಣ್ಣಿಗೆ ಬಿದ್ದರು. ಕೂಗಲು ಇವರಿಗೆ ಧ್ವನಿ ಉಳಿದಿರಲಿಲ್ಲ. ಆತ ತಿರುಗಿ ನೋಡಿದ, ಹತ್ತಿರ ಬಂದ. ಯಾರು, ಯಾವ ದೇಶ, ಯಾವ ಧರ್ಮ ಎಂದು ಕೇಳಲಿಲ್ಲ. ಭುಜದ ಮೇಲೆ ಕೈಯೂರಿ ಇಬ್ಬರನ್ನೂ ಮರಳಿನ ಮೇಲೆ ಮಲಗಿಸಿ, ಬೋಗುಣಿಯಲ್ಲಿ ನೀರು ಮುಂದಿಟ್ಟ. ಇವರು ಕರುಗಳಂತೆ ಮುಖ ಅದ್ದಿ ಕುಡಿದರು. ತುಂಬ ಬೇಗ ಕುಡಿದರೆ ಅಪಾಯವೆಂದು ಬದವಿ ನಡುನಡುವೆ ತಲೆ ಹಿಡಿದು ಹಿಂದಕ್ಕೆಳೆಯುತ್ತಿದ್ದ. ಬಿಟ್ಟ ಕೂಡಲೇ ಮತ್ತೆ ಮುಖ ಅದ್ದುತ್ತಿದ್ದರು. 1939ರಲ್ಲಿ ಪ್ರಕಟವಾದ ತನ್ನ ನೆನಪುಗಳ ಪುಸ್ತಕದಲ್ಲಿ ಆಂತ್ವಾನ್ ಆ ಮನುಷ್ಯನಿಗೆ ಮನತುಂಬಿ ಕೃತಜ್ಞತೆ ಹೇಳಿದ್ದಾನೆ. ಹೆಸರು ಮಾತ್ರ ಕೊಟ್ಟಿಲ್ಲ.

ಆ ಪುಸ್ತಕವನ್ನು ಅರ್ಪಿಸಿದ್ದು ಗಿಯೊಮೆಗೆ. ಮರುವರ್ಷ, 1940ರ ನವೆಂಬರ್ 27ರಂದು, ಎರಡನೆಯ ಮಹಾಯುದ್ಧದ ನಡುವೆ, ಗಿಯೊಮೆಯ ವಿಮಾನವನ್ನು ಮೆಡಿಟರೇನಿಯನ್ ಸಮುದ್ರದ ಮೇಲೆ ಹೊಡೆದುರುಳಿಸಲಾಯಿತು. ಈ ಬಾರಿ ನೋಯೆಲ್‌ಳ ಗಂಡ ನಡೆದು ಬರಲು ನೆಲವಿರಲಿಲ್ಲ.

ಆಂತ್ವಾನ್ 1944ರ ಜುಲೈ 31ರಂದು ಕಾರ್ಸಿಕಾ ದ್ವೀಪದಿಂದ ಯುದ್ಧದ ಫೋಟೋ ತೆಗೆಯುವ ಹಾರಾಟಕ್ಕೆ ಒಬ್ಬನೇ ಹೋದವನು ಮರಳಲಿಲ್ಲ. 1998ರಲ್ಲಿ ಮಾರ್ಸೇಲ್ ಬಳಿ ಮೀನುಗಾರರ ಬಲೆಗೆ ಬೆಳ್ಳಿಯ ಕೈಪಟ್ಟಿಯೊಂದು ಸಿಕ್ಕಿತು. ಅದರ ಮೇಲೆ ಅವನ ಹೆಸರಿನ ಜೊತೆ ಕೊನ್ಸುಯೆಲೊಳ ಹೆಸರಿತ್ತು. ಆ ಹೊತ್ತಿಗೆ ಆಕೆ ತೀರಿಕೊಂಡು ಹತ್ತೊಂಬತ್ತು ವರ್ಷವಾಗಿತ್ತು. 2000ದಲ್ಲಿ ವಿಮಾನದ ಅವಶೇಷಗಳು ಪತ್ತೆಯಾದವು, 2004ರಲ್ಲಿ ಅದು ಅವನದ್ದೇ ಎಂದು ಖಚಿತವಾಯಿತು.

ನಾಪತ್ತೆಯಾಗುವ ಕೆಲವು ದಿನ ಮೊದಲು ಅವನು ತಾಯಿಗೊಂದು ಪತ್ರ ಬರೆದಿದ್ದ. ಯುದ್ಧದ ಗೊಂದಲದಲ್ಲಿ ಅದು ಅಲ್ಲಿ ಇಲ್ಲಿ ಸುತ್ತಿ ತಾಯಿಯ ಕೈ ಸೇರಿದ್ದು ಒಂದು ವರ್ಷದ ಬಳಿಕ, 1945ರ ಜುಲೈಯಲ್ಲಿ. ಬದುಕಿನ ಒಳ್ಳೆಯ ವರ್ಷಗಳನ್ನು ಬೇರೆಯವರ ಪತ್ರಗಳನ್ನು ಹೊತ್ತು ಮುಟ್ಟಿಸುವುದರಲ್ಲಿ ಕಳೆದವನ ಪತ್ರ ಅದು. ತಾನು ಕ್ಷೇಮವಾಗಿದ್ದೇನೆ, ಚಿಂತೆ ಮಾಡಬೇಡ ಎಂದು ಅದರಲ್ಲಿ ತಾಯಿಗೆ ಸಮಾಧಾನ ಹೇಳಿದ್ದ. ಮರೀ ಅದಾದ ಮೇಲೆ ಇಪ್ಪತ್ತೇಳು ವರ್ಷ ಬದುಕಿದ್ದರು.